ಸಹಾಯ ಬೇಕು: ಐದು ಫ್ಯಾಂಟಸಿ ಟೀಮಲ್ಲಿ ಎಷ್ಟು ಜನ ಕಾಮನ್ ಇರ್ಬೇಕು?

ಎಲ್ರಿಗೂ ನಮಸ್ಕಾರ, ದಾವಣಗೆರೆಯಿಂದ. 2025ರಲ್ಲಿ ದುಡ್ಡಿನ ಆನ್‌ಲೈನ್ ಗೇಮ್ ಬ್ಯಾನ್ ಆದ್ಮೇಲೆ ನಾವು ವಿದ್ಯಾನಗರದ ಹುಡುಗ್ರು ದುಡ್ಡಿಲ್ದೆ ನಮ್ಮದೇ ಐಪಿಎಲ್ ಲೀಗ್ ಮಾಡ್ಕೊಂಡಿದೀವಿ. ಫ್ಯಾಂಟಸಿ ಟೀಮ್ ಅಂದ್ರೆ ಮ್ಯಾಚಲ್ಲಿ ಆಡೋ ಎರಡೂ ಕಡೆಯ 22 ಜನ್ರಲ್ಲಿ ನಾವು 11 ಜನ್ರನ್ನ ಆರಿಸೋದು, ಅವ್ರು ಆಡಿದ್ದಕ್ಕೆ ತಕ್ಕಂಗೆ ನಮಗೆ ಪಾಯಿಂಟ್ಸ್. ಒಬ್ರಿಗೆ ಐದು ಟೀಮ್, ನಾವು ಆರಿಸಿದ ಕ್ಯಾಪ್ಟನ್‌ಗೆ 2 ಪಟ್ಟು ಪಾಯಿಂಟ್ಸ್, ವೈಸ್ ಕ್ಯಾಪ್ಟನ್‌ಗೆ 1.5.

ಪ್ರಾಬ್ಲಂ ಏನಂದ್ರೆ ನನ್ನ ಐದೂ ಟೀಮಲ್ಲಿ 9 ಜನ ಅವ್ರವ್ರೇ ಬರ್ತಾರೆ. ಮೊನ್ನೆ ಐದ್ರಲ್ಲೂ ಇದ್ದ ಓಪನರ್ ಎರಡನೇ ಬಾಲಿಗೇ ಸ್ಲಿಪ್ಪಲ್ಲಿ ಕ್ಯಾಚ್ ಕೊಟ್ಟ, ಮೂರು ಟೀಮಿಗೆ ಅವ್ನೇ ಕ್ಯಾಪ್ಟನ್ ಬೇರೆ, ಐದೂ ಒಟ್ಟಿಗೆ ಮುಳುಗಿದ್ವು, ಬಾಳ ಬೇಜಾರಾಯ್ತು. ಹಂಗಂತ ಪೂರ್ತಿ ಬೇರೆ ಬೇರೆ ಮಾಡೋಕೆ ಹೋದ್ರೆ ಏಳನೇ ನಂಬರಲ್ಲಿ ಬರೋನ್ನೂ ಹಾಕ್ಬೇಕಾಗುತ್ತೆ, ಅವ್ನಿಗೆ ಬ್ಯಾಟಿಂಗೇ ಸಿಗಲ್ಲ. 22 ಜನ್ರಲ್ಲಿ ಕಣ್ಮುಚ್ಚಿ 11 ಆರಿಸಿದ್ರೂ ಎರಡು ಟೀಮಿಗೆ ಸರಾಸರಿ 5-6 ಜನ ಕಾಮನ್ ಬಂದೇ ಬರ್ತಾರೆ, ಲೆಕ್ಕ ಹಾಕಿ ನೋಡಿದೀನಿ.

ನಂಗನ್ಸೋದು, 6 ಜನ ಗಟ್ಟಿ ಪ್ಲೇಯರ್ಸ್ ಇಟ್ಕೊಂಡು ಉಳಿದ 5 ಜಾಗನ ಮ್ಯಾಚ್ ಹೆಂಗ್ ಹೋಗ್ಬೋದು ಅನ್ನೋದ್ರ ಮೇಲೆ ತುಂಬೋದು, ಒಂದು ಟೀಮ್ ರನ್ ಹೊಳೆ ಹರಿಯುತ್ತೆ ಅಂತ, ಇನ್ನೊಂದು ಸ್ಪಿನ್ನರ್ಸ್ ಕಟ್ಟಾಕ್ತಾರೆ ಅಂತ. ಇದು ಸರೀನಾ, ಇಲ್ಲ ಕ್ಯಾಪ್ಟನ್ ಬದಲಾಯಿಸಿದ್ರೆ ಸಾಕಾ? ಟಾಸ್ ಆದ್ಮೇಲೆ ಅರ್ಧ ಗಂಟೆ ಅಷ್ಟೇ ಟೈಮ್ ಇರುತ್ತೆ, ಅಷ್ಟ್ರೊಳಗೆ ಮಾಡೋಹಂಗೆ ಇರೋ ದಾರಿ ಗೊತ್ತಿದ್ರೆ ದಯವಿಟ್ಟು ಹೇಳ್ರಪ್ಪ.