ಅಜ್ಜನ ಎರಡು ಟ್ರಂಕು ಕಾಗದ, ಯಾರಿಗೆ ಕೊಡ್ಲಿ? ಹೆಂಗೆ ಉಳಿಸ್ಲಿ?

ಹೊಂಡದ_ಸರ್ಕಲ್_ಮೊಮ್ಮಗಳು:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಐತೆ, ಬೇಜಾರ್ ಮಾಡ್ಕೊಳ್ದೆ ಓದ್ರಿ. ನಮ್ಮಜ್ಜ ಇಲ್ಲೇ ದಾವಣಗೆರೇಲಿ ಕಾಲೇಜಲ್ಲಿ ಅರ್ಥಶಾಸ್ತ್ರ ಪ್ರೊಫೆಸರ್ ಆಗಿದ್ರು, ಜೊತೆಗೆ ದೀಕ್ಷೆ ತಗೊಂಡ ಸಭಾಪಾಲಕರು, ವಾರವೆಲ್ಲಾ ಪಾಠ, ಭಾನುವಾರ ಚರ್ಚಲ್ಲಿ ಪ್ರಸಂಗ, ಅಂದ್ರೆ ಉಪದೇಶ. ಚರ್ಚಿನೋರಿಗೆ ಅಯ್ಯನೋರು, ಕಾಲೇಜಿನೋರಿಗೆ ಮೇಷ್ಟ್ರು, ಮಿಲ್ ಕೆಲಸಗಾರರು ಎರಡೂ ಸೇರಿಸಿ ಮೇಷ್ಟ್ರಯ್ಯ ಅಂತಿದ್ರಂತೆ. ಸಂಜೆ ಮಿಲ್ ಸೈರನ್ ಆದ್ಮೇಲೆ ನಮ್ಮನೆ ಜಗಲೀಲಿ ಲಾಟೀನ್ ಹಚ್ಚಿ ಕೆಲಸಗಾರರಿಗೆ ಓದು ಬರಹ ಕಲಿಸ್ತಿದ್ರು, ಅರ್ಜಿ ಬರೆದು ಕೊಡ್ತಿದ್ರು.

ಈಗ ಹಳೇ ಮನೆ ಕೆಡವ್ತಿದ್ದೀವಿ. ಅಟ್ಟದ ಮೇಲಿಂದ ಎರಡು ಟ್ರಂಕು ಇಳಿಸಿದ್ರೆ ತುಂಬಾ ಕಾಗದ. ಡೈರಿಗಳು, ಪರೀಕ್ಷೆ ಪೇಪರ್ ಹಿಂದೆ ಬರೆದ ಪ್ರಸಂಗಗಳು, ಪಾಠದ ನೋಟ್ಸು, ಸಂಘದ ಕರಪತ್ರ, ಇನ್‌ಲ್ಯಾಂಡ್ ಲೆಟರ್ ಕಟ್ಟುಗಳು. ನೀಬೂರ್ ಅಂತ ಯಾರೋ ಅಮೆರಿಕದೋರ ಬಗ್ಗೆ ಒಂದು ಇಡೀ ನೋಟ್‌ಬುಕ್ ಐತೆ, ಪಿ. ಡಿ. ದೇವನಂದನ್ ಅನ್ನೋರ ಮಾತು ಕೇಳಿ ಬರ್ಕೊಂಡಿದ್ದೂ ಐತೆ. ಒಂದು ಟ್ರಂಕಿನ ತಳಕ್ಕೆ ಹಂಚಿನ ಸೋರಿಕೆ ನೀರು ಇಳಿದು ಕೆಳಗಿನ ಕಟ್ಟು ಒದ್ದೆ.

ಚಿಕ್ಕಪ್ಪ ಹೇಳೋದು ಪ್ರಸಂಗ ಮತ್ತೆ ಡೈರಿ ಇಟ್ಕೊಳ್ಳೋಣ, ಉಳಿದಿದ್ದು ರದ್ದಿಗೆ ಹಾಕು, ಯಾರ್ಯಾರದೋ ಕಷ್ಟದ ಕಾಗದ ನಮಗ್ಯಾಕೆ ಅಂತ. ನನಗೆ ಮನಸ್ಸು ಬರ್ತಿಲ್ಲ. ಒಂದು ಕಾಗದ ನೋಡ್ರಿ, ಪೆನ್ಸಿಲಲ್ಲಿ ಯಾರ ಕೈಲೋ ಬರೆಸಿದ್ದು, 14-8-1963, ಮಗಳಿಗೆ ಜ್ವರ ಅಂತ ಮನೇಲಿ ಉಳಿದಿದ್ದಕ್ಕೆ ಮೂರು ದಿನದ ಪಗಾರ ಹಿಡಿದಾರೆ, ಒಂದು ಅರ್ಜಿ ಬರೆದು ಕೊಡ್ರಿ ಅಂತ, ಕೆಳಗೆ ನೀಲಿ ಹೆಬ್ಬೆಟ್ಟು. ಮೂಲೇಲಿ ಅಜ್ಜನ ಕೆಂಪು ಶಾಯಿ, "ಬರೆದು ಕೊಟ್ಟೆ" ಅಂತ ಅಷ್ಟೇ. ಇಂಥವು ಹನ್ನೆರಡು ಆರಿಸಿ ಬೇರೆ ತೆಗ್ದಿಟ್ಟೀನಿ, ನಾಳೆ ಲ್ಯಾಮಿನೇಶನ್ ಮಾಡ್ಸೋಣ ಅಂತ. ಸರಿನಾ? ಉಳಿದಿದ್ದು ಎಲ್ಲಿಗೆ ಕೊಡ್ಬೋದು?

ದುರ್ಗದ_ಗ್ರಂಥಪಾಲಕ:

ಲ್ಯಾಮಿನೇಶನ್ ಬೇಡವೇ ಬೇಡ ತಾಯಿ, ಅದನ್ನೇ ಮೊದಲು ಹೇಳೋಣ ಅಂತ ಓಡಿ ಬಂದೆ. ಬಿಸಿಗೆ ಪ್ಲಾಸ್ಟಿಕ್ ಕಾಗದಕ್ಕೆ ಅಂಟಿಬಿಟ್ರೆ ಮತ್ತೆ ಬಿಡಿಸೋಕೆ ಆಗಲ್ಲ. ಸೆಲೋಟೇಪೂ ಬೇಡ, ವರ್ಷ ಕಳೆದಂಗೆ ಅದರ ಅಂಟು ಕಂದಾಗಿ ಅಕ್ಷರಾನೇ ತಿಂತದೆ. ನಾನು ಮೂವತ್ತು ವರ್ಷ ಚಿತ್ರದುರ್ಗದಲ್ಲಿ ಲೈಬ್ರರಿ ಕೆಲಸ ಮಾಡಿದೋನು, ಟೇಪ್ ಹಚ್ಚಿ ಹಾಳಾದ ಪುಸ್ತಕ ನೋಡಿ ನೋಡಿ ಹೊಟ್ಟೆ ಉರ್ದೈತೆ.

ಒದ್ದೆ ಕಟ್ಟನ್ನ ಇವತ್ತೇ ತೆಗೀರಿ, ಬಿಸಿಲಿಗೆ ಮಾತ್ರ ಇಡಬೇಡ್ರಿ, ಕಾಗದ ಸೆಡೆತು ಮುರೀತದೆ, ಶಾಯಿ ಮಾಸ್ತದೆ. ನೆರಳಲ್ಲಿ, ಫ್ಯಾನ್ ಗಾಳಿ ನೇರ ಬಡೀದಂಗೆ, ಅಚ್ಚಿಲ್ಲದ ಬಿಳೀ ಕಾಗದ ಮಧ್ಯ ಮಧ್ಯ ಇಟ್ಟು ಒಣಗಿಸ್ರಿ, ಒದ್ದೆ ಆದಂಗೆಲ್ಲ ಆ ಬಿಳೀ ಕಾಗದ ಬದಲಿಸ್ರಿ. ಒಂದಕ್ಕೊಂದು ಅಂಟಿದ್ದನ್ನ ಎಳೆದು ಬಿಡಿಸಬೇಡ್ರಿ. ಫೌಂಟನ್ ಪೆನ್ ಶಾಯಿ ನೀರಿಗೆ ಹರಡೋದ್ರಿಂದ ಒದ್ದೆ ಬಟ್ಟೇಲಿ ಒರೆಸೋ ಹಂಗೇ ಇಲ್ಲ. ಬೂಷ್ಟು ಕಂಡ್ರೆ ಮಾಸ್ಕ್ ಹಾಕ್ಕೊಂಡು ಮನೆ ಹೊರಗೆ ತಂದು, ಪೂರ್ತಿ ಒಣಗಿದ ಮೇಲೆ ಮೆತ್ತನೆ ಬ್ರಷ್ಷಲ್ಲಿ ಝಾಡಿಸ್ರಿ. ಟ್ರಂಕು ನೆಲದ ಮೇಲೆ ಇಡದೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸ್ರಿ, ಗೋಡೆಗೂ ತಾಗಬಾರದು, ಗೆದ್ದಲು ಗೋಡೆ ಹಿಡ್ಕೊಂಡೇ ಬರೋದು. ಹಿಂದೆ ಓಲೆಗರಿ ಕಟ್ಟಿನ ಜೊತೆ ಬಜೆ ಬೇರಿನ ಗಂಟು ಇಡ್ತಿದ್ರು, ಅದನ್ನ ನೀವೂ ಇಡಬೋದು, ಕಾಗದಕ್ಕೆ ತಾಗದಂಗೆ.

ಇನ್ನೊಂದು, ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಹನ್ನೆರಡು ಕಾಗದ ಆರಿಸಿ ಬೇರೆ ತೆಗ್ದೆ ಅಂದ್ರಲ್ಲ, ಅವು ಯಾವ ಕಟ್ಟಲ್ಲಿ, ಯಾವುದರ ಪಕ್ಕ ಇದ್ವು ಅಂತ ನೆನಪೈತಾ? ನಿಮ್ಮಜ್ಜ ಒಂದು ಕ್ರಮದಲ್ಲಿ ಇಟ್ಟಿರ್ತಾರೆ, ನಮಗೆ ಅದು ಚೆಲ್ಲಾಪಿಲ್ಲಿ ಅಂತ ಕಂಡ್ರೂ ಆ ಕ್ರಮವೇ ಅರ್ಧ ಕಥೆ ಹೇಳ್ತದೆ. ಯಾವ ಕಾಗದದ ಜೊತೆ ಯಾವುದನ್ನ ಪಿನ್ ಮಾಡಿದ್ರು ಅನ್ನೋದ್ರಲ್ಲಿ ಅವರ ಯೋಚನೆ ಐತೆ. ಮುಟ್ಟೋಕೆ ಮುಂಚೆ ಮೊಬೈಲಲ್ಲಿ ಫೋಟೋ ತೆಗೀರಿ, ತುಕ್ಕು ಹಿಡಿದ ಪಿನ್ನು ನಿಧಾನಕ್ಕೆ ಬಿಡಿಸಿ, ಜೊತೇಲಿದ್ದ ಹಾಳೆಗಳನ್ನ ಒಂದು ಬಿಳೀ ಕಾಗದ ಮಡಿಸಿ ಅದರೊಳಗೆ ಒಟ್ಟಿಗೇ ಇಡ್ರಿ, ಮೇಲೆ ಪೆನ್ಸಿಲಲ್ಲಿ ಎರಡನೇ ಟ್ರಂಕು ಐದನೇ ಕಟ್ಟು ಅಂತ ನಂಬರ್. ಪೆನ್ ಬೇಡ.

ಹರಿಹರದ_ಹೊಳೆದಂಡೆ:

ಅಕ್ಕ, ನೀಬೂರ್ ಅಂದ್ರೆ ರೈನ್‌ಹೋಲ್ಡ್ ನೀಬೂರ್, ಅವರ ಬಗ್ಗೆ ಬರೆದ ನೋಟ್‌ಬುಕ್ ನಿಮ್ಮಜ್ಜನ ಟ್ರಂಕಲ್ಲಿ ಇದ್ದಿದ್ದು ಕೇಳಿ ಮೈ ಜುಮ್ ಅಂತು. ಅವರೂ ನಿಮ್ಮಜ್ಜನ ಥರಾನೇ. 1915ರಿಂದ 1928ರ ತನಕ ಡೆಟ್ರಾಯಿಟಲ್ಲಿ ಸಭಾಪಾಲಕರು, ಫೋರ್ಡ್ ಕಾರಿನ ಫ್ಯಾಕ್ಟರಿ ಇರೋ ಊರು, ಕೆಲಸಗಾರರ ಸ್ಥಿತಿ ಕಣ್ಣಾರೆ ನೋಡಿ ಹೆನ್ರಿ ಫೋರ್ಡನ್ನೇ ಬಹಿರಂಗವಾಗಿ ಪ್ರಶ್ನೆ ಮಾಡಿದೋರು. ಆಮೇಲೆ ನ್ಯೂಯಾರ್ಕಿನ ಯೂನಿಯನ್ ಸೆಮಿನರಿ ಅನ್ನೋ ಧರ್ಮಶಾಸ್ತ್ರದ ಕಾಲೇಜಲ್ಲಿ 1960ರ ತನಕ ಪ್ರೊಫೆಸರು. 1971ರಲ್ಲಿ ತೀರ್ಕೊಂಡ್ರು. ಅವರ ಪತ್ರ, ಪ್ರಸಂಗ, ಲೇಖನ ಎಲ್ಲಾ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಲ್ಲಿ ಐತೆ, ಯಾವ ಪೆಟ್ಟಿಗೇಲಿ ಏನೈತೆ ಅಂತ ಪಟ್ಟಿ ಸಮೇತ. ಹೆಂಡತಿ ಉರ್ಸುಲಾ ಅವರೂ ಬಾರ್ನಾರ್ಡ್ ಕಾಲೇಜಲ್ಲಿ ಪಾಠ ಮಾಡ್ದೋರು, ಅವರ ಕಾಗದಾನೂ ಲೈಬ್ರರಿ ಆಫ್ ಕಾಂಗ್ರೆಸ್ಸಲ್ಲೇ ಬೇರೆ ಸಂಗ್ರಹವಾಗಿ ಇಟ್ಟಾರೆ. ಅದಕ್ಕೇ ಕೇಳ್ತೀನಿ, ನಿಮ್ಮಜ್ಜಿ ಬರೆದಿದ್ದು ಏನಾದ್ರೂ ಐತಾ? ಯಾರೂ ಅದನ್ನ ಹುಡುಕಲ್ಲ.

ದೇವನಂದನ್ನೂ ಹಂಗೇ, ಸಿಎಸ್‌ಐ, ಅಂದ್ರೆ ದಕ್ಷಿಣ ಭಾರತ ಸಭೆಯ ದೀಕ್ಷೆ ತಗೊಂಡೋರು, ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಲ್ಲಿ ಪ್ರೊಫೆಸರ್ ಆಗಿದ್ರು. 1957ರಲ್ಲಿ ಬೆಂಗಳೂರಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆ ಅಂತ ಒಂದು ಸಂಸ್ಥೆ ಶುರು ಆಯ್ತು, ಅದಕ್ಕೆ ಮೊದಲ ನಿರ್ದೇಶಕರು, ಎಂ. ಎಂ. ಥಾಮಸ್ ಅನ್ನೋ ಕ್ರೈಸ್ತ ಚಿಂತಕರು ಜೊತೆಗಿದ್ರು. ದೇವನಂದನ್ 1962ರಲ್ಲೇ ಹೋಗ್ಬಿಟ್ರು.

ಕೊಡೋದು ಎಲ್ಲಿಗೆ ಅಂದ್ರೆ ಆ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನ ಆರ್ಕೈವ್ಸಲ್ಲಿ ಭಾರತದ ಸಭೆಗಳ ದಾಖಲೆ, ಖಾಸಗಿ ಕಾಗದ ಇಟ್ಕೊಳ್ತಾರೆ, ಮೊದಲು ಅಲ್ಲಿ ಕೇಳ್ರಿ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಜಿಕಲ್ ಕಾಲೇಜ್ ಐತೆ, ಅಲ್ಲಿ ಬಾಸೆಲ್ ಮಿಶನ್ ಕಾಲದ್ದು ಜಾಸ್ತಿ. ಕಾರ್ಮಿಕರ ವಿಷಯ ಇಷ್ಟು ಇರೋದ್ರಿಂದ ರಾಜ್ಯ ಪತ್ರಾಗಾರ ಇಲಾಖೇಲೂ ವಿಚಾರಿಸಬೋದು. ಯಾರಿಗೇ ಕೊಟ್ರೂ ಬಾಯಿ ಮಾತಲ್ಲಿ ಕೊಡಬೇಡ್ರಿ, ದಾನಪತ್ರ ಮಾಡ್ಸಿ, ಏನೇನು ಕೊಟ್ವಿ ಅನ್ನೋ ಪಟ್ಟಿ ಲಗತ್ತಿಸಿ ಸಹಿ ಹಾಕಿಸ್ಕೊಳ್ರಿ.

ಮಿಲ್_ಕಾಲೋನಿ_ಮಗ:

ಮೇಡಂ ನಾನು ಇಲ್ಲಿ ಸುಮ್ನೆ ಓದಿ ಹೋಗೋನು, ಯಾವತ್ತೂ ಬರೆದಿಲ್ಲ. ನಮ್ಮಪ್ಪ ಮಿಲ್ಲಲ್ಲಿ ನೂಲು ಖಾತೆ, ಸಹಿ ಹಾಕೋದು ಕಲಿತಿದ್ದೇ ಇಂಥ ಒಂದು ರಾತ್ರಿ ಶಾಲೇಲಿ, ನಿಮ್ಮಜ್ಜನ ಹತ್ರಾನೋ ಬೇರೆಯವರ ಹತ್ರಾನೋ ಕೇಳೋಕೆ ಅಪ್ಪ ಈಗಿಲ್ಲ. ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಎಲ್ಲಾರೂ ಹೇಳ್ತಾರೆ, ಮಿಲ್ ಕಟ್ಟಿದೋರ ಹೆಸರು ರಸ್ತೆಗೆ ಬಡಾವಣೆಗೆ ಐತೆ, ಮುಚ್ಚಿದ ಮೇಲೆ ಜಾಗ ಏನಾಯ್ತು ಅಂತಾನೂ ಗೊತ್ತು, ಆದ್ರೆ ಒಳಗೆ ಹತ್ತಿ ಧೂಳು ಕುಡಿದು ಕೆಮ್ಮಿ ಕೆಮ್ಮಿ ಹೋದೋರು ತಾವೇ ಹೇಳಿದ ಮಾತು ಎಲ್ಲಿ ಉಳಿದೈತೆ? ಕಾಮ್ರೇಡ್ ಪಂಪಾಪತಿಯಂಥೋರು ಕಾರ್ಮಿಕರ ನಡುವಿಂದ ಎದ್ದು ಶಾಸಕರಾದ ಊರಿದು, ಆದ್ರೂ ಹೆಬ್ಬೆಟ್ಟು ಒತ್ತಿದೋರ ಕಾಗದ ನಾನಂತೂ ಒಂದೂ ಕಂಡಿಲ್ಲ. ನಿಮ್ಮ ಚಿಕ್ಕಪ್ಪಾರಿಗೆ ಹೇಳ್ರಿ, ರದ್ದಿ ಅಂತಾರಲ್ಲ ಅದೇ ನಮ್ಮ ಮನೆತನದ ದಾಖಲೆ.

ಎರಡು ಮಾತು ಮಾತ್ರ ಮನಸ್ಸಲ್ಲಿ ಕೊರೀತಾ ಐತೆ. ಒಂದು, ಎಲ್ಲಾ ಬೆಂಗಳೂರಿಗೆ ಹೋದ್ರೆ ನಮ್ಮಂಥೋರು ನೋಡೋದು ಯಾವಾಗ, ಒಂದು ಪ್ರತಿ ಊರಲ್ಲೂ ಉಳೀಲಿ. ಎರಡು, ಆ ಕಾಗದದಲ್ಲಿ ಸಾಲ, ಕುಡಿತ, ಗಂಡ ಹೆಂಡ್ತಿ ಜಗಳ ಎಲ್ಲಾ ಇರ್ತದೆ. ಅಯ್ಯನೋರು ಅಂತ ನಂಬಿ ಹೇಳ್ಕೊಂಡಿದ್ದು. ಅವರ ಮಕ್ಕಳು ಇನ್ನೂ ಇದೇ ಓಣೀಲಿ ಅದಾರೆ. ಹೆಸರು ಸಮೇತ ಫೇಸ್‌ಬುಕ್ಕಿಗೆ ಹಾಕಬೇಡ್ರಿ, ಕೈ ಮುಗೀತೀನಿ.

ದುರ್ಗದ_ಗ್ರಂಥಪಾಲಕ:

ಈ ತಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಕಾನೂನಲ್ಲೂ ಹಂಗೇ ಐತೆ, ಬಂದ ಪತ್ರದ ಕಾಗದ ಪಡೆದವರದ್ದು, ಅದರಲ್ಲಿರೋ ಬರಹದ ಹಕ್ಕು ಮಾತ್ರ ಬರೆದವರದ್ದು, ನಮ್ಮಲ್ಲಿ ಕಾಪಿರೈಟ್ ಬರೆದವರು ತೀರ್ಕೊಂಡ ಮೇಲೂ 60 ವರ್ಷ ಇರ್ತದೆ. ಹಂಗಾಗಿ ಜೋಪಾನ ಮಾಡೋದು ಬೇರೆ, ಪ್ರಕಟ ಮಾಡೋದು ಬೇರೆ. ದಾನಪತ್ರದಲ್ಲೇ ಷರತ್ತು ಬರೆಸ್ರಿ, ಖಾಸಗಿ ಕಷ್ಟ ಸುಖದ ಪತ್ರಗಳ ಪೆಟ್ಟಿಗೆ ಇಂತಿಷ್ಟು ವರ್ಷ ಮುಚ್ಚಿರಲಿ, ಆಮೇಲೂ ಹೆಸರು ಬಿಟ್ಟು ಬಳಸಲಿ ಅಂತ. ಆ ಪೆಟ್ಟಿಗೆಯೊಳಗಿನ ಕಾಗದ ಮನೆಯೋರೇ ಬಂದು ಕೇಳಿದ್ರೆ ತೋರಿಸಬೇಕು ಅಂತಾನೂ ಸೇರಿಸ್ರಿ. ಸ್ಕ್ಯಾನ್ ಮಾಡ್ಸೋದಾದ್ರೆ 300 ಡಿಪಿಐಗೆ ಕಮ್ಮಿ ಬೇಡ, ಪೆನ್ಸಿಲ್ ಬರಹಕ್ಕೆ 400 ಇದ್ರೆ ಒಳ್ಳೇದು, ಕಪ್ಪು ಬಿಳುಪಲ್ಲ, ಕಲರಲ್ಲೇ ಮಾಡ್ಸಿ, ಇಲ್ಲಾಂದ್ರೆ ಅಜ್ಜನ ಕೆಂಪು ಶಾಯಿ ಯಾವುದು ಅಂತಾನೇ ಗೊತ್ತಾಗಲ್ಲ. ಎರಡು ಹಾರ್ಡ್ ಡಿಸ್ಕು, ಎರಡು ಬೇರೆ ಬೇರೆ ಮನೇಲಿ.

ಹೊಂಡದ_ಸರ್ಕಲ್_ಮೊಮ್ಮಗಳು:

ಎಂಟು ದಿನ ಆಯ್ತು, ಹೇಳೋಕೆ ಬಹಳ ಐತೆ. ಲ್ಯಾಮಿನೇಶನ್ ಬಿಟ್ಟೆ. ಒದ್ದೆ ಕಟ್ಟು ಮುಕ್ಕಾಲು ಪಾಲು ಉಳೀತು, ತಳದ ಎರಡು ಡೈರಿ ಮಾತ್ರ ಇಟ್ಟಿಗೆ ಥರ ಅಂಟಿ ಕೂತಾವೆ, ಅವನ್ನ ಮುಟ್ಟಿಲ್ಲ.

ಸರ್, ಪಿನ್ನಿನ ಮಾತು ಹೇಳಿದ್ರಲ್ಲ, ಆರಿಸಿದ ಹನ್ನೆರಡು ಕಾಗದ ಎಲ್ಲಿದ್ವು ಅಂತ ನನಗೆ ನೆನಪೇ ಇರ್ಲಿಲ್ಲ, ಅತ್ತುಬಿಟ್ಟೆ. ಆಮೇಲೆ ನೋಡ್ತೀನಿ, ಹೆಬ್ಬೆಟ್ಟಿನ ಕಾಗದದ ಎಡಗಡೆ ಮೂಲೇಲಿ ಎರಡು ತುಕ್ಕಿನ ಚುಕ್ಕೆ. ಪ್ರಸಂಗದ ಹಾಳೆಗಳನ್ನ ಒಂದೊಂದೇ ಅದರ ಪಕ್ಕ ಹಿಡಿದು ನೋಡ್ತಾ ಹೋದೆ, ಎರಡು ರಾತ್ರಿ. 18-8-1963ರ ಭಾನುವಾರದ ಪ್ರಸಂಗದ ಮೇಲೆ ಅದೇ ಅಳತೆಗೆ ಅದೇ ಎರಡು ಚುಕ್ಕೆ ಕೂತ್ಕೊಂತು. ವಾಕ್ಯ ಯಾಕೋಬನ ಪತ್ರಿಕೆ 5:4, ಕೊಯ್ದವರ ಕೂಲಿ ಹಿಡಿದಿದ್ದು ಕೂಗ್ತೈತೆ ಅನ್ನೋದು. ಬುಧವಾರ ಕಾಗದ ಬಂದೈತೆ, ಭಾನುವಾರ ಅಜ್ಜ ಪೀಠ ಹತ್ತಿ ಅದನ್ನೇ ಮಾತಾಡ್ಯಾರೆ, ಆ ಮನುಷ್ಯನ ಹೆಸರು ಎತ್ತಿಲ್ಲ. ಚಿಕ್ಕಪ್ಪಗೆ ಎರಡೂ ಹಾಳೆ ಜೋಡಿಸಿ ತೋರಿಸ್ದೆ. ಬಹಳ ಹೊತ್ತು ನೋಡಿದ್ರು, ರದ್ದಿ ಮಾತು ಮತ್ತೆ ಎತ್ತಿಲ್ಲ, ಮಾರನೇ ದಿನ ಅವರೇ ನಾಲ್ಕು ಇಟ್ಟಿಗೆ ತಂದು ಟ್ರಂಕಿನ ಕೆಳಗೆ ಕೊಟ್ರು.

ಬೆಂಗಳೂರಿಗೆ ಪಟ್ಟಿ ಕಳಿಸ್ತಿದ್ದೀನಿ, ಅದಕ್ಕೂ ಮುಂಚೆ ಎಲ್ಲಾ ಸ್ಕ್ಯಾನ್, ಒಂದು ಪ್ರತಿ ಊರಲ್ಲೇ. ಖಾಸಗಿ ಪತ್ರಗಳ ಷರತ್ತು ಬರೆಸಿಯೇ ಕೊಡ್ತೀವಿ. ಮಿಲ್ ಕಾಲೋನಿ ಅಣ್ಣ, ನಿಮ್ಮಪ್ಪಾರ ಹೆಸರು ನನಗೆ ಪರ್ಸನಲ್ ಮೆಸೇಜ್ ಮಾಡ್ರಿ, ರಾತ್ರಿ ಶಾಲೆ ಹಾಜರಿ ಪುಸ್ತಕ ಮೂರು ಸಿಕ್ಕಾವೆ, ಹುಡುಕ್ತೀನಿ.

ಅಜ್ಜಿ ಬರೆದಿದ್ದು ಐತಾ ಅಂತ ಕೇಳಿದ್ರಲ್ಲ ಹರಿಹರದೋರು, ಟ್ರಂಕಲ್ಲಿ ಇರ್ಲಿಲ್ಲ. ಅಡಿಗೆ ಮನೆ ಗೋಡೆ ಬೀರುವಿನಲ್ಲಿ ಅರಿಶಿನ ಮೆತ್ತಿದ ಲೆಕ್ಕದ ಪುಸ್ತಕಗಳು ಇದ್ವು, ಹಾಲು, ಸೀಮೆಎಣ್ಣೆ, ಜೋಳ. 1963ರದ್ದು ತೆಗೆದು ಆ ವಾರ ನೋಡ್ದೆ. ಆಗಸ್ಟ್ 15, ಗುರುವಾರ: "ಜ್ವರದ ಮಗುವಿಗೆ ಔಷಧಿ 1 ರೂ. 25 ನ.ಪೈ., ಅಕ್ಕಿ 2 ಸೇರು. ಇವರಿಗೆ ಹೇಳಿಲ್ಲ."