ಕೊಮ್ ರುವು: ಸೋನಾ ಮಸೂರಿ, ಬ್ರೆಡ್ ಈಸ್ಟಲ್ಲಿ ಆಗುತ್ತಾ?

ಪ್ರಶ್ನೆ (ಕುವೆಂಪುನಗರ, ಮೈಸೂರು): ವಿಯೆಟ್ನಾಂನವರು ಅಂಟಕ್ಕಿ ಹುದುಗಿಸಿ ಮಾಡುವ ಸಿಹಿ ಇದು. ಇಲ್ಲಿ ಸಿಗೋ ಸಾಮಾನಲ್ಲಿ ಮಾಡಬಹುದಾ?

ಉತ್ತರ 1: ಬರೀ ಈಸ್ಟ್ ಸಾಲದು. ಅದಕ್ಕೆ ಪಿಷ್ಟ ಒಡೆಯೋಕೆ ಬರಲ್ಲ. ಅವರು ಹಾಕುವ ಹುದುಗಿನ ಉಂಡೆಯಲ್ಲಿ ಬೂಷ್ಟೂ ಇರುತ್ತೆ. ಅದು ಪಿಷ್ಟವನ್ನು ಸಕ್ಕರೆ ಮಾಡಿದ ಮೇಲೆ ಈಸ್ಟ್‌ಗೆ ಕೆಲಸ. ಆನ್‌ಲೈನಲ್ಲಿ ಚೈನೀಸ್ ಉಂಡೆ ಸಿಕ್ಕರೂ ನಡೆಯುತ್ತೆ. ಸೋನಾ ಮಸೂರಿ ಬೇಡ, ಉದುರುದುರಾಗುತ್ತೆ. ಅಸ್ಸಾಮಿನ ಬೋರಾ ಅಕ್ಕಿ ಅಥವಾ ಮಣಿಪುರದ ಕಪ್ಪಕ್ಕಿ ತರಿಸಿ.

ಅರ್ಧ ಕೆಜಿ ಅಕ್ಕಿ ರಾತ್ರಿ ನೆನೆಸಿ, ಇಡ್ಲಿ ಪಾತ್ರೆಯಲ್ಲಿ ಬಟ್ಟೆ ಹಾಸಿ ಹಬೆಯಲ್ಲಿ ಬೇಯಿಸಿ. ಉಗುರುಬೆಚ್ಚಗಾದ ಮೇಲೆ ಸುಮಾರು 10 ಗ್ರಾಂ ಹುದುಗಿನ ಉಂಡೆ ಪುಡಿಮಾಡಿ ಉದುರಿಸಿ. ಬಿಸಿ ಇದ್ದಾಗ ಹಾಕಿದರೆ ಹುದುಗು ಸಾಯುತ್ತೆ. ಉಪ್ಪುನೀರಲ್ಲಿ ಕೈ ಅದ್ದಿ ಉಂಡೆ ಕಟ್ಟಿ ಜಾಡಿಗೆ ಹಾಕಿ. ಮುಚ್ಚಳ ಬಿಗಿಯಬೇಡಿ.

ಉತ್ತರ 2: 30 ಡಿಗ್ರಿಯಲ್ಲಿ 2–3 ದಿನ ಸಾಕು. ಡಿಸೆಂಬರ್ ಚಳಿಗೆ ಜಾಡಿಗೆ ಕಂಬಳಿ ಸುತ್ತಿ. ತಳದಲ್ಲಿ ಸಿಹಿ ರಸ ಇಳಿದರೆ ಫ್ರಿಜ್ಜಿಗೆ. ಬಿಟ್ಟರೆ ಮದ್ಯದ ಘಾಟು, ಆಮೇಲೆ ಹುಳಿ. ಬಿಳಿ ನವಿರು ಪರವಾಗಿಲ್ಲ, ಕೆಂಪೋ ಕಪ್ಪೋ ಬೂಷ್ಟು ಕಂಡರೆ ಎಲ್ಲಾ ಚೆಲ್ಲಿ. ಕಪ್ಪಕ್ಕಿಯಾದರೆ ಬಣ್ಣ ನೋಡಿ ಗೊತ್ತಾಗೋದು ಕಷ್ಟ, ಅನುಮಾನ ಬಂದರೂ ಚೆಲ್ಲಿ.

ಉತ್ತರ 3: ಅನ್ನದ ಉಂಡೆ ಕಟ್ಟೋದು ದಕ್ಷಿಣ ವಿಯೆಟ್ನಾಂನವರ ಪದ್ಧತಿ. ಉತ್ತರದಲ್ಲಿ ಅಗುಳು ಬಿಡಿಯಾಗೇ ಇರುತ್ತೆ. ಅವರ ಚಾಂದ್ರಮಾನ 5ನೇ ತಿಂಗಳ 5ನೇ ದಿನ ಬೆಳಿಗ್ಗೆ ತಿಂತಾರೆ. ಆಲ್ಕೋಹಾಲ್ ಇರುತ್ತೆ, ಮಕ್ಕಳಿಗೆ ಬೇಡ.