ಅಪ್‌ಡೇಟ್: ಕಡಸಿಗೆ ಎಚ್‌ಎಫ್ ಬೇಡ ಅಂತ ತೀರ್ಮಾನ ಆಯ್ತು

ಹಿರಿಯಡಕದ ನಮ್ಮ ಹಟ್ಟಿಯ ಜೆರ್ಸಿ ಕ್ರಾಸ್ ಕಡಸಿಗೆ ಯಾವ ಹೋರಿಯ ವೀರ್ಯದ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಲಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನೋ ದೊಡ್ಡ ತಳಿ) ಆಗಬಹುದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೊನೆಗೆ ಜೆರ್ಸಿಯನ್ನೇ ಹಾಕಿಸಿದೆವು. ಕಡಸು ಗಿಡ್ಡ, ಚೊಚ್ಚಲು ಬೇರೆ. ಎಚ್‌ಎಫ್ ಕರು ದೊಡ್ಡದು. ಹೆರುವಾಗ ಸಿಕ್ಕಿಕೊಂಡರೆ ನಡುರಾತ್ರಿ ಡಾಕ್ಟ್ರನ್ನು ಎಲ್ಲಿ ಹುಡುಕೋದು? ನಮ್ಮ ಕರಾವಳಿಯ ಸೆಕೆಯನ್ನೂ ಜೆರ್ಸಿ ಹೆಚ್ಚು ತಡೆಯುತ್ತದೆ. ಹಾಲು ಸ್ವಲ್ಪ ಕಡಿಮೆ ಇರಬಹುದು, ಆದರೆ ಫ್ಯಾಟ್ ಜಾಸ್ತಿ. ಡೈರಿಯಲ್ಲಿ ಅದನ್ನು ನೋಡಿಯೇ ಅಲ್ವಾ ರೇಟು? ಹಾಲು ಕಡಿಮೆ ಕೊಡುವ ನಮ್ಮ ನಾಡ ತಳಿ ಮಲೆನಾಡು ಗಿಡ್ಡ ಹಾಕಿಸಿ ಅಂದವರ ಮಾತು ಅಮ್ಮನಿಗೆ ಹಿಡಿಸಿತ್ತು. ಆದರೆ ಮನೆಗೆ ಆಗಿ ಡೈರಿಗೂ ಹಾಲು ಉಳಿಯಬೇಕಲ್ಲ.

ಡಾಕ್ಟ್ರು ವೀರ್ಯ ಇಟ್ಟ ಕ್ಯಾನಿನ ಮುಚ್ಚಳ ತೆಗೆಯುವ ಮೊದಲೇ ಹೋರಿಯ ನಂಬರ್ ಕೇಳಿದೆ. ಇದರ ತಾಯಿಗೆ ಹಾಕಿಸಿದ್ದ ನಂಬರ್ ಹಳೇ ಕಾರ್ಡಿನಲ್ಲಿತ್ತು. ಎರಡೂ ಒಂದೇ ಆದ್ರೆ ಅಪ್ಪ-ಮಗಳ ಜೋಡಿ ಆಗಿಬಿಡುತ್ತದೆ. ಬೇರೆ ಹೋರಿ. ಹೊಗೆಯಾಡುವ ಕ್ಯಾನಿನಿಂದ ಬಂದ ವೀರ್ಯದ ಸಣ್ಣ ಕಡ್ಡಿಯ ಮೇಲೂ ನಂಬರ್ ಅಚ್ಚಾಗಿತ್ತು, ಓದಿ ನೋಡಿದೆ. ಈ ಉಪಾಯ ಹೇಳಿಕೊಟ್ಟವರು ಈ ಕಡೆ ಬಂದರೆ ಊಟ ನಮ್ಮಲ್ಲೇ.

ಬೆಳಿಗ್ಗೆ ಬೆದೆಯ ಲೋಳೆ ಕಂಡಿತ್ತು, ಸಂಜೆ ಹಾಕಿಸಿದೆವು. 21 ದಿನಕ್ಕೆ ಮತ್ತೆ ಬೆದೆ ಬರಲಿಲ್ಲ. ಆಮೇಲೆ ಡಾಕ್ಟ್ರು ಕೈ ಹಾಕಿ ನೋಡಿ ಗಬ್ಬ ನಿಂತಿದೆ ಅಂದರು.

ಹೆಣ್ಣು ಕರುವಿಗಾಗಿಯೇ ಬೇರ್ಪಡಿಸಿದ ವೀರ್ಯದ ಕಡ್ಡಿ ಯಾಕೆ ಹಾಕಿಸಲಿಲ್ಲ ಅಂತ ಕೇಳಿದವರಿಗೆ: ಅದರಲ್ಲಿ ಸುಮಾರು 90% ಹೆಣ್ಣೇ ಬರುತ್ತದೆ ನಿಜ, ಆವತ್ತು ಅವರ ಕ್ಯಾನಿನಲ್ಲಿ ಇರಲಿಲ್ಲ.